ಅವ್ವನ ಬೆರಳು, ಕಾಕಾನ ಫೋಟೋ

ಆಗುವುದೇ ಇಲ್ಲ ಎಂದವರು ನಮ್ಮ ಕಾಕಾ, ಅಪ್ಪನ ತಮ್ಮ.

"ಮಿರಜ್‌ದಾಗ ಡಾಕ್ಟರ ಮ್ಯಾಲೆ ಕೇಸ್ ಗೆಲ್ತಿಯೇನು? ನಾಳೆ ಕೆಮ್ಮು ಬಂದ್ರ ಎಲ್ಲಿಗೆ ಹೋಗ್ತಿ, ಪುಣೆಕ್ಕ?"

ಅವರ ಮಾತಿನಲ್ಲಿ ತೂಕವಿತ್ತು. ಮಿರಜ್‌ನಲ್ಲಿ ಚಹಾದಂಗಡಿಗಿಂತ ದವಾಖಾನೆಗಳೇ ಹೆಚ್ಚು.

ಮಿರಜ್ ಹತ್ತಿರ, ಮಹಾರಾಷ್ಟ್ರದ ಗಡಿಯೂರು ಆರಗದ ನಮ್ಮ ಅಂಗಳದಲ್ಲಿ ಜಾರಿ ಬಿದ್ದು ಅವ್ವನ ಬಲಗೈ ಮುರಿದಿತ್ತು. ಮಿರಜ್‌ನ ಒಂದು ಖಾಸಗಿ ದವಾಖಾನೆಯಲ್ಲಿ ಪ್ಲಾಸ್ಟರ್ ಹಾಕಿದರು. ಬೆರಳುಗಳು ಊದಿ ನೀಲಿಯಾದವು. ಕಾಕಾ ಅವ್ವನನ್ನು ಮತ್ತೆ ಕರೆದೊಯ್ದರು. ಡಾಕ್ಟರು ಪ್ಲಾಸ್ಟರ್ ಸಡಿಲಿಸಲಿಲ್ಲ, ಕೈ ಎತ್ತಿ ಹಿಡಿ ಎಂದಷ್ಟೇ ಹೇಳಿ ಕಳಿಸಿದರು. ಅವ್ವ ಬಸ್ಸಿನಲ್ಲಿ ಕೈ ಎತ್ತಿಯೇ ಕೂತಳು. ಇಳಿಯಬೇಕೇನೋ ಎಂದುಕೊಂಡು ಕಂಡಕ್ಟರ್ ಪ್ರತಿ ಸ್ಟಾಪಿಗೂ ಸೀಟಿ ಊದಿದ.

ಪ್ಲಾಸ್ಟರ್ ಬಿಚ್ಚಿದಾಗ ಬೆರಳುಗಳು ಮಡಚಿಕೊಂಡಿದ್ದವು. ಮತ್ತೆ ಬಿಚ್ಚಿಕೊಳ್ಳಲೇ ಇಲ್ಲ. "ನೋವಾದಾಗ ತೋರಿಸಲು ಬರಲೇ ಇಲ್ಲ, ತಪ್ಪು ನಿಮ್ಮದೇ" ಎಂದರು ಡಾಕ್ಟರು. ಊರೂ ಅದನ್ನೇ ನಂಬಿತು. ಅವ್ವನಿಗೆ ರೊಟ್ಟಿ ಬಡಿಯಲಾಗದ ದುಃಖಕ್ಕಿಂತ, "ಕೈಯಾರೆ ಕೈ ಕಳ್ಕೊಂಡಾಳ" ಎಂಬ ಮಾತೇ ಹೆಚ್ಚು ಚುಚ್ಚುತ್ತಿತ್ತು. ಜೊತೆಗೆ ಹೋಗಿದ್ದ ಕಾಕಾ ಸಾಕ್ಷಿ ಹೇಳಲು ತಯಾರಿರಲಿಲ್ಲ. "ನನ್ನ ಬಿಪಿ ಗುಳಿಗಿ ಅವರs ಬರದ ಕೊಡ್ತಾರವಾ."

ನಮ್ಮ ಮನೆತನದ ಮೊದಲ ಪದವೀಧರೆ ನಾನು. ಹೊಲದ ಕೆಲಸ ಮುಗಿಸಿ, ಬಸ್ಸಿನಲ್ಲಿ ನಿಂತುಕೊಂಡೇ ಓಡಾಡಿ, ಇಂಗ್ಲಿಷಿನಲ್ಲಿ ಒಮ್ಮೆ ನಪಾಸಾಗಿ ಪಡೆದ ಬಿ.ಎ. ಅದು. ಜಂಬವಿದೆ, ಇರಲಿ. ಫೀಸು ಕೊಟ್ಟು ಪಡೆದ ಚಿಕಿತ್ಸೆಯೂ ಕಾನೂನಿನ ಕಣ್ಣಲ್ಲಿ ಸೇವೆಯೇ, ಅದರಲ್ಲಿ ನಿರ್ಲಕ್ಷ್ಯವಾದರೆ ಗ್ರಾಹಕ ಆಯೋಗಕ್ಕೆ ವಕೀಲರಿಲ್ಲದೆಯೂ ಹೋಗಬಹುದು ಎಂದು ಓದಿ ತಿಳಿದೆ. ಡಾಕ್ಟರ ವಿರುದ್ಧ ಬರೆದುಕೊಡುವ ಡಾಕ್ಟರನ್ನು ಹುಡುಕುವುದರಲ್ಲಿ ಚಪ್ಪಲಿ ಸವೆದವು. ಕೆಲವರು ಚಹಾ ಕೊಟ್ಟರು, ಕೆಲವರು ಉಪದೇಶ ಕೊಟ್ಟರು. ಕೊನೆಗೆ ಬೇರೆ ಜಿಲ್ಲೆಯ ಒಬ್ಬ ಮೂಳೆ ತಜ್ಞರು ಬರೆದುಕೊಟ್ಟರು: ಬೆರಳು ನೀಲಿಯಾದಾಗ ಪ್ಲಾಸ್ಟರ್ ಬಿಚ್ಚಲೇಬೇಕಿತ್ತು. ಅದನ್ನಿಟ್ಟು ದೂರು ಕೊಟ್ಟೆ; ಈಕೆ ಬರಲೇ ಇಲ್ಲ ಎಂದೇ ಡಾಕ್ಟರು ಲಿಖಿತ ಉತ್ತರ ಕೊಟ್ಟರು. ಇನ್ನು ಉಳಿದದ್ದು ಒಂದೇ ಪ್ರಶ್ನೆ. ಅವ್ವ ಆಗ ತೋರಿಸಲು ಹೋಗಿದ್ದಳೋ ಇಲ್ಲವೋ?

ಸಾಂಗಲಿಯ ಗ್ರಾಹಕ ಆಯೋಗದಲ್ಲಿ ವಿಚಾರಣೆಯ ದಿನ ಡಾಕ್ಟರ ವಕೀಲರು ಒಂದು ಫೋಟೋ ಎತ್ತಿ ಹಿಡಿದರು. ಅವ್ವ ಡಾಕ್ಟರಿಗೆ ದ್ರಾಕ್ಷಿ ಬುಟ್ಟಿ ಕೊಡುತ್ತಿದ್ದಾಳೆ, ಡಾಕ್ಟರು ನಗುತ್ತಿದ್ದಾರೆ. ತೆಗೆದವರು ಕಾಕಾ. "ನಮ್ಮ ಪಾಲಿನ ದೇವರು" ಎಂದು ಬರೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದವರೂ ಅವರೇ.

"ಇಷ್ಟು ಸಂತುಷ್ಟ ರೋಗಿಯ ದೂರಿಗೆ ಏನು ಬೆಲೆ?" ಎಂದರು ವಕೀಲರು.

ಕಾಕಾನ ಕತ್ತು ಹಿಚುಕಬೇಕೆನಿಸಿತು. ಆಮೇಲೆ ಫೋಟೋವನ್ನು ಸರಿಯಾಗಿ ನೋಡಿದೆ. ಬುಟ್ಟಿ ಅವ್ವನ ಎಡಗೈಯಲ್ಲಿತ್ತು. ಬಲಗೈ ಪ್ಲಾಸ್ಟರಿನಲ್ಲಿತ್ತು, ತುದಿಯಲ್ಲಿ ನೇರಳೆ ಹಣ್ಣಿನಂಥ ಬೆರಳುಗಳು.

"ಪ್ಲಾಸ್ಟರ್ ಇದ್ದಾಗ ಈಕೆ ಬರಲೇ ಇಲ್ಲ ಅಂತ ನಿಮ್ಮ ಉತ್ತರದಲ್ಲಿ ಬರೆದಿದ್ದೀರಿ. ಹಾಗಾದರೆ ಪ್ಲಾಸ್ಟರ್ ಹಾಕಿಕೊಂಡು ಡಾಕ್ಟರ ಮುಂದೆ ನಿಂತಿರುವವರು ಯಾರು ಸಾಹೇಬರೇ?" ಎಂದೆ.

ವಕೀಲರು ನೀರಿನ ಬಾಟಲಿ ಹುಡುಕಿದರು. ಆಯೋಗದ ಅಧ್ಯಕ್ಷರು, ದ್ರಾಕ್ಷಿ ಏಕೆ ಕೊಟ್ಟಿರಿ ಎಂದು ಅವ್ವನನ್ನು ಮರಾಠಿಯಲ್ಲಿ ಕೇಳಿದರು. ಗಾಬರಿಯಲ್ಲಿ ಅವ್ವನ ಬಾಯಿಗೆ ಕನ್ನಡವೇ ಬಂತು.

"ಬೈಯಾಕಂತ ಹೋಗಿದ್ದೆರಿ ಸಾಹೇಬ್ರ. ಬರಿಗೈಲೆ ಹೋಗಿ ಬೈದ್ರ ಚಂದ ಕಾಣ್ತೈತೇನ್ರಿ?"

ನಾನು ಮರಾಠಿಗೆ ತಿರುಗಿಸಿ ಹೇಳಿದೆ. ಅಧ್ಯಕ್ಷರು ನಗು ಮರೆಸಲು ಕನ್ನಡಕ ಒರೆಸಿದರು.

ತೀರ್ಪು ನಮ್ಮ ಕಡೆ ಬಂತು. ಆದೇಶದ ದೃಢೀಕೃತ ಪ್ರತಿ ತರುವ ದಿನ ಕಾಕಾ ಇಸ್ತ್ರಿ ಅಂಗಿ ಹಾಕಿಕೊಂಡು ಮುಂದೆಯೇ ನಿಂತಿದ್ದರು. ಕಿಟಕಿಯಲ್ಲಿ ಗುಮಾಸ್ತ ಅದನ್ನು ಚಾಚಿದ. ಅವ್ವ ಎಡಗೈಯಿಂದ ತಾನೇ ಇಸಕೊಂಡಳು, ಇಂಗ್ಲಿಷ್ ಸಾಲುಗಳ ಮೇಲೆ ಕಣ್ಣಾಡಿಸಿ ನನ್ನ ಕೈಗಿಟ್ಟಳು.

"ತಪ್ಪ ನಂದಲ್ಲಂತ ಬರದದ್ದು ಯಾವ ಸಾಲಿನಾಗ ಐತಿ? ಅದಷ್ಟs ಓದು. ಜೋರಾಗಿ ಓದವಾ, ನಿಮ್ಮ ಕಾಕಾಗ ಕಿವಿ ಸ್ವಲ್ಪ ಮಂದ."