ಕುದುರೆಗೂ ಸೈ, ಕುಂತವರಿಗೂ ಸೈ

ಮೂಡಲು ಕೆಂಪೇರುವ ಮೊದಲೇ ಶಿವಲಿಂಗವ್ವನ ಲಿಂಗಪೂಜೆ ಮುಗಿದಿರುತ್ತದೆ. ಹಣೆಯ ವಿಭೂತಿ ಆರುವುದರೊಳಗೆ ಆಕೆ ಬೆಳಗಾವಿಯ ದಂಡಿನ ಕ್ಯಾಂಪಿನ ಅಂಚಿನಲ್ಲಿರುವ ಹೆಂಚಿನ ಅಂಗಡಿಯ ಹಲಗೆಗಳನ್ನು ಒಂದೊಂದಾಗಿ ಕಳಚಿ ಗೋಡೆಗೆ ಆನಿಸಿ, ಚಾಪೆಯ ಮೇಲೆ ಕಾಲು ಚಾಚಿ ಕೂತಿರುತ್ತಾಳೆ. ಒಂದು ಕೈಯಲ್ಲಿ ಮೇಣ ಸವರಿದ ದಾರ, ಇನ್ನೊಂದರಲ್ಲಿ ತೊಗಲು ಚುಚ್ಚುವ ಆರಿ. ಇಂದು ತೊಡೆಯ ಮೇಲಿರುವುದು ಟಾಂಗಾ ಕುದುರೆಯ ಕೊರಳಪಟ್ಟಿ. ಟಾಂಗಾದ ಭರಮಪ್ಪ ಬೀಡಿ ಹಚ್ಚಿಕೊಂಡು ಮೆಟ್ಟಿಲ ಮೇಲೆ ಕಾಯುತ್ತಿದ್ದಾನೆ.

“ಲಗೂನ ಕೊಡ ಅಕ್ಕಾ. ಆಟೋದವರು ಟೇಶನ್ನಿನ ಗಿರಾಕಿ ಎಲ್ಲಾ ಎಳಕೊಂಡ ಹೊಂಟಾರ.”

“ಕುದರಿ ಹೆಗಲಿಗೆ ಹಸಿ ಗಾಯ ಆಗೇತಿ. ಇವತ್ತೊಂದ ದಿನ ಮನ್ಯಾಗ ಕಟ್ಟು. ನೀನೂ ಅದರ ಬಾಜೂಕ ಬಿದ್ಕೋ.”

“ನಾ ಬಿದ್ಕೊಂಡರ ನನ್ನ ಹೇಣ್ತಿ ಈ ಪಟ್ಟಿ ನನ್ನ ಕೊರಳಿಗೆ ಹಾಕತಾಳ!”

“ಹಾಕ್ಲಿ ಬಿಡು. ನಿನ್ನ ಅಳತೀಗೂ ಒಂದ ಹೊಲದ ಕೊಡ್ತೀನಿ.”

ದೇಸೂರಿನ ಹುಡುಗಿ ಶಿವಲಿಂಗವ್ವ ಈ ಅಂಗಡಿಯ ಸೊಸೆಯಾಗಿ ಬಂದಾಗ ಊರಲ್ಲಿ ಮೋಟಾರಿಗಿಂತ ಕುದುರೆ ಹೆಚ್ಚು. ಕುದುರೆಯ ಬೆನ್ನಿಗೆ ಬಿಗಿಯುವ ಜೀನು ಮಾಡುವುದು ಮನೆಯ ಕಸುಬು. ಗಂಡ ಮಾಯಪ್ಪ ತೊಗಲು ಕತ್ತರಿಸುವವನು. ಉಣ್ಣೆ ಹಿಂಜಿ ತುಂಬುವುದು, ಹೊಲಿಯುವುದು ಆಕೆಯ ಪಾಲು. ಬೆರಳಗಲದಲ್ಲಿ ಎಂಟು ಹೊಲಿಗೆ ಕೂರಬೇಕು, ಕಮ್ಮಿಯಾದರೆ ಬಿಚ್ಚಬೇಕು. ಕ್ಯಾಂಪಿನ ಸವಾರರೆಲ್ಲ ‘ಮಾಯಪ್ಪನ ಜೀನು’ ಎಂದು ಕೇಳಿ ಒಯ್ಯುತ್ತಿದ್ದರು. ಒಳಗೆ ಕೂತು ಹೊಲಿದವರು ಯಾರೆಂದು ಯಾರೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಹೋದ ವರ್ಷ, ಎಂಬತ್ತಮೂರನೇ ಇಸವಿಯ ಆಷಾಢದಲ್ಲಿ, ಮಾಯಪ್ಪ ಶಿವನ ಪಾದ ಸೇರಿದ. ಹೋದವರು ಹೋದ ಮೇಲೂ ಅವರ ಕೈ ಮನೆಯಲ್ಲಿ ಉಳಿದಿರುತ್ತದೆ. ಸವೆದ ಕತ್ತಿಯ ಹಿಡಿಯಲ್ಲಿ, ಗೋಡೆಗೆ ಒರಗಿ ಕೂತ ಜಾಗದ ಎಣ್ಣೆ ಕಲೆಯಲ್ಲಿ ಅದು ಕಾಣುತ್ತದೆ. ಶಿವಲಿಂಗವ್ವ ಆ ಕಲೆಯ ಮೇಲೆ ಸುಣ್ಣ ಬಳಿಸಿಲ್ಲ.

ಆತ ಮಾಡಿದ ಕೊನೆಯ ಜೀನು ಖಾನಾಪುರದ ನೇಮಣ್ಣ ಸಾವಕಾರರ ಮನೆಗೆ ಹೋಗಿದೆ. ಹೆಬ್ಬೆರಳಿಗೆ ಆರಿ ಚುಚ್ಚಿ ಶಿವಲಿಂಗವ್ವನ ಕೈ ಬಾತಿದ್ದ ದಿನಗಳವು. ಹಾಗಾಗಿ ಆ ಒಂದು ಜೀನನ್ನು ಮಾತ್ರ ಮಾಯಪ್ಪ ಮೊದಲಿಂದ ಕಡೆಯ ತನಕ ತಾನೇ ಹೊಲಿದಿದ್ದ.

ನೇಮಣ್ಣನವರ ಮಗಳು ರತ್ನಮಾಲಾ ಕಲಿಯುತ್ತಿರುವುದು ಡ್ರೆಸಾಜ್ ಎಂಬ ಸವಾರಿ. ಓಟವಲ್ಲ, ಬೇಲಿ ಹಾರುವುದೂ ಅಲ್ಲ. ಅಂಕಣದೊಳಗೆ ಕುದುರೆ ತೂಗಿ ತೂಗಿ ಹೆಜ್ಜೆ ಇಡಬೇಕು, ತಿರುಗಬೇಕು, ನಿಲ್ಲಬೇಕು. ಸವಾರಳು ಏನು ಹೇಳಿದಳೆಂದು ನೋಡುವವರಿಗೆ ಕಾಣಬಾರದು. ಹೇಳುವುದೆಲ್ಲ ಕೂತ ಭಾರದಿಂದ, ಕಾಲಿನ ಒತ್ತಿನಿಂದ. ನಡುವೆ ಇರುವ ಜೀನು ಇಬ್ಬರ ಮಾತನ್ನೂ ದಾಟಿಸಬೇಕು. ಈ ಸಲ ಪುಣೆಯ ಸ್ಪರ್ಧೆಗೆ ಹೋಗಬೇಕೆಂಬುದು ಹುಡುಗಿಯ ಆಸೆ. ಆದರೆ ಹೊಸ ಜೀನು ಹಾಕಿದಂದಿನಿಂದ ಆಕೆಯ ಹೆಣ್ಣುಕುದುರೆ ಚಂದ್ರಿ ಬಾಲ ಬಡಿಯುತ್ತದೆ, ಬೆನ್ನು ಇಳಿಸಿ ತಪ್ಪಿಸಿಕೊಳ್ಳುತ್ತದೆ. ಎರಡು ಸಲ ಆಕೆಯನ್ನು ಕೆಡವಿಯೂ ಇದೆ. ಮದುವೆ ಮೆರವಣಿಗೆಯವರಿಗೆ ಕುದುರೆಯನ್ನು ಕೊಟ್ಟುಬಿಡುವುದೆಂದು ನೇಮಣ್ಣ ನಿಶ್ಚಯಿಸಿದ್ದಾರೆ. ಸುದ್ದಿ ತಿಳಿದ ಶಿವಲಿಂಗವ್ವ ಮರುದಿನವೇ ರೈಲು ಹತ್ತಿ ಖಾನಾಪುರಕ್ಕೆ ಬರುತ್ತಾಳೆ.

ತೊಗಲಿನ ಸಾಮಾನು ಒಳಗೆ ತರಬಾರದೆಂಬುದು ಆ ಜೈನ ಮನೆಯ ನೇಮ. ಹಾಗಾಗಿ ಎಲ್ಲ ಮಾತೂ ಕುದುರೆ ಲಾಯದ ಮುಂದೆಯೇ. ಶಿವಲಿಂಗವ್ವ ಮೊದಲು ಜೀನಿನ ಕೆಳಗೆ ಅಂಗೈ ತೂರಿಸುತ್ತಾಳೆ. ಕತ್ತಿನ ಬುಡದ ಎಲುಬಿಗೆ ತಾಗುತ್ತಿಲ್ಲ. ಬೆನ್ನುಮೂಳೆಯ ಮೇಲೆ ಗಾಳಿ ಆಡುವಷ್ಟು ಜಾಗವಿದೆ. ಕುದುರೆಯ ಮಟ್ಟಿಗೆ ಎಳ್ಳಷ್ಟೂ ಊನವಿಲ್ಲ. ಹುಡುಗಿಯನ್ನು ಹತ್ತಿಸಿ, ಚಂದ್ರಿಗೆ ಬೆವರು ಒಡೆಯುವವರೆಗೆ ಓಡಿಸಿ, ಜೀನು ಇಳಿಸುತ್ತಾರೆ. ಬೆನ್ನೆಲ್ಲ ಒದ್ದೆ, ಹಿಂಭಾಗದಲ್ಲಿ ಮಾತ್ರ ಅಂಗೈಯಗಲದ ಎರಡು ಒಣ ಕಲೆ. ಭಾರವೆಲ್ಲ ಅಲ್ಲೇ ಒತ್ತಿ ಬೆವರೂ ಬಾರದಂತಾಗಿದೆ.

“ಹಿಂದ ಸರದ ಕುಂದರತೀ ಏನ ತಂಗಿ?”

“ಏನ ಮಾಡ್ಲಿ ಮಾವಶಿ? ಮಣಕಾಲ ಮುಂದಿನ ದಿಂಡಿಗೆ ಬಡಿತೈತಿ. ಅದಕ ಸರಕೊಂತೀನಿ.”

“ನಿನ್ನ ತೊಡಿ ಅಳತಿ ತಗೊಂಡಿದ್ದಿಲ್ಲೇನ ಅವರು?”

ರತ್ನಮಾಲಾ ನಕ್ಕುಬಿಡುತ್ತಾಳೆ. “ನಂದೆಲ್ಲಿ ಮಾವಶಿ! ಮಾಯಪ್ಪಕಾಕಾ ನಮ್ಮ ಅಜಿತಣ್ಣನ್ನ ಸ್ಟೂಲ್ ಮ್ಯಾಲ ಕುಂದರ್ಸಿ ಅವನ ತೊಡಿ ಅಳದು ಹೋದ್ರು. ಅಜಿತಣ್ಣ ನನ್ನ ಭುಜಕ್ಕ ಬರ್ತಾನ!”

ಶಿವಲಿಂಗವ್ವನಿಗೆ ನಗುವೂ ಬರುತ್ತದೆ, ಕಣ್ಣೂ ತುಂಬುತ್ತದೆ. ಪರಹೆಣ್ಣುಮಕ್ಕಳೊಡನೆ ನೆಲ ನೋಡಿಯೇ ಮಾತಾಡಿದ ಜೀವ ಮಾಯಪ್ಪನದು. ದೊಡ್ಡವರ ಮನೆಯ ಕನ್ಯೆಯ ಕಾಲಿಗೆ ಅಳತೆಪಟ್ಟಿ ಹಿಡಿದೀತೇ? ಕುದುರೆಯನ್ನು ಮೂರು ಸಲ ಅಳೆದವನು ಹುಡುಗಿಯನ್ನು ತಲೆ ಎತ್ತಿ ನೋಡಿರಲಿಲ್ಲ.

ನೇಮಣ್ಣನವರು ಮೃದುವಾಗಿ ಹೇಳುತ್ತಾರೆ: “ಬ್ಯಾಡ ಶಿವಲಿಂಗವ್ವ. ಹೋದವರ ಕೈಕೆಲಸ ಕೆಡಸೂದು ಬ್ಯಾಡ. ಜೀನು ನೀ ಒಯ್ದು ನೆನಪಿಗೆ ಇಟ್ಕೋ. ಕುದರಿ ಕೊಟ್ಟಬಿಡ್ತೀನಿ.”

ಹುಡುಗಿ ಚಂದ್ರಿಯ ಕುತ್ತಿಗೆಗೆ ಕೆನ್ನೆ ಒತ್ತಿ ನಿಂತಿದ್ದಾಳೆ.

“ಹದಿನೈದ ದಿನ ತಡೀರಿ ಸಾವಕಾರ್ರ,” ಎನ್ನುತ್ತಾಳೆ ಶಿವಲಿಂಗವ್ವ. ಹುಡುಗಿಯನ್ನು ಸ್ಟೂಲಿನ ಮೇಲೆ ಕೂರಿಸಿ, ನಡುವಿನಿಂದ ಮಂಡಿಯವರೆಗೆ ತಾನೇ ಅಳೆದುಕೊಳ್ಳುತ್ತಾಳೆ.

ಸಂಜೆಯ ರೈಲಿನಲ್ಲಿ ಜೀನನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತವಳನ್ನು ಎದುರಿನವನೊಬ್ಬ ಕೆಣಕುತ್ತಾನೆ: “ಆಯಿ, ಕುದರಿ ಎಲ್ಲೈತಿ?”

“ಅದಕ ಟಿಕೀಟ ಸಿಗಲಿಲ್ಲಪ್ಪಾ. ಹಿಂದ ನಡಕೋತ ಬರಾಕತ್ತೈತಿ.”

ಮನೆಗೆ ಬಂದ ಮೇಲೆ ಈ ನಗೆ ಇಲ್ಲ. ಜೀನು ಗೂಟಕ್ಕೆ ತೂಗುತ್ತದೆ. ಆಕೆ ಬೇರೆ ಕೆಲಸ ಹಿಡಿಯುತ್ತಾಳೆ, ಬಿಡುತ್ತಾಳೆ. ಸರಿಪಡಿಸುವ ದಾರಿಯೇನೋ ಕಂಡಿದೆ. ಕಾಲು ಒರಗುವ ಪಕ್ಕದ ತೊಗಲನ್ನು ಮುಂದಕ್ಕೆ ಚಾಚಿದರೆ ಹುಡುಗಿಗೆ ಹಿತ, ಆದರೆ ಕುದುರೆಯ ಹೆಗಲು ಆಡದಂತೆ ಕಟ್ಟಿಹಾಕುತ್ತದೆ. ಆದ್ದರಿಂದ ಕೆಳಕ್ಕೆ ಉದ್ದ ಮಾಡಬೇಕು. ಮಂಡಿಗೆ ಬಡಿಯುವ ದಿಂಡು ತೆಗೆದು, ಆಸನದ ಹಿಂದಿನ ದಿಬ್ಬವನ್ನು ತೆಳುಮಾಡಿ ಕೂರಲು ಎರಡು ಬೆರಳು ಜಾಗ ಬಿಟ್ಟುಕೊಟ್ಟರೆ ಕಾಲು ನೆಟ್ಟಗೆ ಇಳಿಯುತ್ತದೆ. ಆದರೆ ಅದಕ್ಕೆ ಗಂಡ ಈ ಲೋಕದಲ್ಲಿ ಹಾಕಿದ ಕೊನೆಯ ಹೊಲಿಗೆಗಳನ್ನು ಬಿಚ್ಚಬೇಕು. ಸಾಲಿನ ಕೊನೆಯಲ್ಲಿ ಮೂರು ಹೊಲಿಗೆ ಹಿಂದೆ ಬಂದು ಗಂಟನ್ನು ಒಳಗೆ ಅಡಗಿಸುವುದು ಆತನ ರೀತಿ. ಕಣ್ಣು ಮುಚ್ಚಿ ಸವರಿದರೂ ಆಕೆಗೆ ಗುರುತು ಸಿಗುತ್ತದೆ.

ಒಂದು ಮುಂಜಾನೆ ಪೂಜೆ ಮುಗಿಸಿದವಳೇ ಜೀನನ್ನು ಗೂಟದಿಂದ ಇಳಿಸುತ್ತಾಳೆ. ಕೊರಳಪಟ್ಟಿ ಸಡಿಲವಾಯಿತೆಂದು ಬಂದ ಭರಮಪ್ಪ ಗಾಬರಿಯಾಗುತ್ತಾನೆ. “ಅಣ್ಣನ ಕೈಯಾನ ಹೊಲಿಗಿ ಬಿಚ್ಚತೀ ಏನ ಅಕ್ಕಾ? ನಿನಗ ಮನಸರೆ ಹೆಂಗ ಬರತೈತಿ?”

“ಅವರ ಇದ್ದಿದ್ದರ ಅವರ ಬಿಚ್ಚತಿದ್ರು. ಕುದರಿ ನರಳೂದು ಅವರಿಗೆ ತಡಕೊಳ್ಳಾಕ ಆಗತಿದ್ದಿಲ್ಲ,” ಎಂದು ಕತ್ತಿಯ ಮೊನೆ ತೂರಿಸುತ್ತಾಳೆ. ಮೊದಲ ದಾರ ಕಡಿದಾಗ ತುಟಿ ಅಲುಗುತ್ತದೆ. ಶಿವನ ಹೆಸರೋ, ಗಂಡನದೋ, ಆಕೆಗೇ ತಿಳಿಯದು. ಬಿಚ್ಚಿದ ದಾರದ ತುಣುಕುಗಳನ್ನು ಉಣ್ಣೆಯೊಳಗೇ ಸೇರಿಸಿ ಹೊಲಿದುಬಿಡಲೇ ಎನಿಸುತ್ತದೆ. ಒಂದು ಹಿಡಿ ಎತ್ತಿಯೂ ನೋಡುತ್ತಾಳೆ. ಆಮೇಲೆ ಕೈ ಬಿಡುತ್ತಾಳೆ. ಒಂದು ಸಣ್ಣ ಗಂಟು ಉಳಿದರೂ ಕುದುರೆಯ ಬೆನ್ನಿಗೆ ಅದು ಕಲ್ಲು. ಉಣ್ಣೆಯನ್ನು ಹೊಸದಾಗಿ ಹಿಂಜಿ, ಅಂಗೈಯಿಂದ ಒತ್ತಿ ಒತ್ತಿ ನೋಡಿ ತುಂಬುತ್ತಾಳೆ.

ಹದಿನೈದು ದಿನ ತುಂಬಿದಾಗ ಮತ್ತೆ ಖಾನಾಪುರ. ರತ್ನಮಾಲಾ ಹತ್ತುತ್ತಾಳೆ. ಕಾಲು ಗೋಡೆ ಕಟ್ಟುವವರ ತೂಗುಗುಂಡಿನಂತೆ ನೇರ ಇಳಿಯುತ್ತದೆ. ಚಂದ್ರಿ ಒಮ್ಮೆ ಕಿವಿ ಹಿಂದಕ್ಕೆ ಮಾಡಿ ಕಾಯುತ್ತದೆ, ಬರಬೇಕಾದ ನೋವು ಬರದಿದ್ದಾಗ ಉಸಿರು ಬಿಟ್ಟು ಕುತ್ತಿಗೆ ಇಳಿಸುತ್ತದೆ. ಆಮೇಲಿನ ಹೆಜ್ಜೆಗಳನ್ನು ನೇಮಣ್ಣನವರು ಕೊನೆಯವರೆಗೂ ನೋಡುತ್ತಾರೆ. ಕಡೆಗೆ ಮಗಳತ್ತ ತಿರುಗಿ, “ಪುಣೇಕ ಗಾಡಿ ಗೊತ್ತ ಮಾಡೂಣು,” ಎನ್ನುತ್ತಾರೆ.

ಕುದುರೆಯಿಂದ ಜಿಗಿದ ಹುಡುಗಿ ಓಡಿ ಬಂದು ಆಕೆಯ ಕೈ ಹಿಡಿಯುತ್ತಾಳೆ. “ನೀವೂ ಬರ್ರಿ ಮಾವಶಿ! ನೀವು ನೋಡಬೇಕ ನೋಡಬೇಕು.”

“ಅಲ್ಲಿ ಬಂದು ನಾ ಏನ ಮಾಡ್ಲಿ ತಂಗಿ? ಅಂಗಡಿ ಯಾರ ನೋಡಬೇಕು?” ಎನ್ನುತ್ತ ಶಿವಲಿಂಗವ್ವ ಕೈ ಬಿಡಿಸಿಕೊಂಡು, ಇಳಿಸಿದ ಜೀನಿನ ಅಡಿಯ ಬೆವರನ್ನು ಸೆರಗಿನಿಂದ ಒರೆಸುತ್ತಾಳೆ. “ಒಂದ ಕೆಲಸ ಮಾಡು. ಆಟ ಮುಗದ ಮ್ಯಾಲ ಚಂದ್ರಿ ಬೆನ್ನ ನೋಡು. ಬೆವರು ಎಲ್ಲಾ ಕಡೆ ಒಂದ ಸಮ ಇದ್ದರ ನನಗೊಂದ ಕಾರ್ಡ ಹಾಕು. ಬಹುಮಾನದ ಸುದ್ದಿ ಪೇಪರಿನ್ಯಾಗ ಬರತೈತಿ, ಬೆನ್ನಿನ ಸುದ್ದಿ ನೀನ ಬರೀಬೇಕು. ಪೂಜಿಗೆ ಕುಂತಾಗ ನಿಮ್ಮ ಕಾಕಾಗ ಅದನ್ನ ಹೇಳಬೇಕಾಗೇತಿ ನಾನು.”