ಒಂದು ಚಿಟಿಕೆ ಕಾಫಿಪುಡಿ

'ಅವ್ವನ ಕೈಲಿ ಇದು ಆಗದ ಕೆಲಸ.'

ಹೀಗೆ ಹೇಳಿದ್ದು ಡಾಕ್ಟರಲ್ಲ, ನರ್ಸಲ್ಲ. ನಾನು. ಅದೂ ಅವ್ವನ ಎದುರೇ, ಆಸ್ಪತ್ರೆಯ ವಾರ್ಡಿನಲ್ಲಿ.

ಈ ಅಂಕಣ ಓದುವವರಿಗೆ ನನ್ನ ಬಡಾಯಿ ಹೊಸದಲ್ಲ. ಮಲ್ಲಂದೂರಿನ ಹತ್ತಿರದ ಎಸ್ಟೇಟಿನ ಕೂಲಿ ಲೈನಿನಲ್ಲಿ ಹುಟ್ಟಿ, ನಮ್ಮ ಮನೆತನದಲ್ಲೇ ಮೊದಲು ಡಿಗ್ರಿ ಮುಗಿಸಿದವಳು. ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಟೀಚರ್. (ಡಿಗ್ರಿಗೆ ಫ್ರೇಮ್ ಹಾಕಿಸಿ ದೇವರ ಪಟದ ಪಕ್ಕ ನೇತುಹಾಕಿದ್ದೂ ನಾನೇ.)

ಕಳೆದ ವರ್ಷ ತಂಗಿ ರೇಖಾಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಕೀಮೋ ಶುರು. ಸೂಜಿ ಚುಚ್ಚಿ ಚುಚ್ಚಿ ಕೈಯ ನರ ಕೆಡಬಾರದೆಂದು, ತೋಳಿನಿಂದ ಹೃದಯದ ಹತ್ತಿರದ ದೊಡ್ಡ ರಕ್ತನಾಳದವರೆಗೆ ಒಂದು ತೆಳು ಕೊಳವೆ ಇಳಿಸಿದರು. ಕ್ಯಾಥೆಟರ್. ಔಷಧಿ, ರಕ್ತ ಎಲ್ಲ ಅದರಲ್ಲೇ. ನಡುವೆ ಮನೆಗೆ ಕಳಿಸುವಾಗಲೂ ಅದು ತೋಳಿನಲ್ಲೇ ಇರುತ್ತದೆ. ವಾರಕ್ಕೊಮ್ಮೆ ಅದರ ಬಾಯಿ ಶುಚಿ ಮಾಡಿ, ಸಲೈನ್ ಹಾಯಿಸಿ, ಪಟ್ಟಿ ಬದಲಿಸಬೇಕು. ಯಾರು ಕಲಿಯುತ್ತೀರಿ ಎಂದರು. ಕೈ ಎತ್ತಿದ್ದು ನಾನು. ಇನ್ಯಾರು?

ಮನೆಗೆ ಬಂದ ಹತ್ತನೇ ದಿನ, ಸ್ನಾನ ಮಾಡಿ ಬಂದ ರೇಖಾ 'ಅಕ್ಕಾ, ರಕ್ತ' ಎಂದಳು. ಪಟ್ಟಿ ಒಂದು ಕಡೆ ಎದ್ದಿತ್ತು. ಕೊಳವೆಯ ಬುಡದಲ್ಲಿ ರಕ್ತ ಜಿನುಗುತ್ತಿತ್ತು. ಒತ್ತಿ ಹಿಡಿದೆ, ನಿಲ್ಲಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಬೇಕಿತ್ತು. ಏನು ಮಾಡಿದೆ ಗೊತ್ತೇ?

ಅಡುಗೆಮನೆಗೆ ಓಡಿ, ಡಬ್ಬದಿಂದ ಒಂದು ಚಿಟಿಕೆ ಕಾಫಿಪುಡಿ ತಂದು ಮೆತ್ತಿದೆ.

ನಗಬೇಡಿ. ನಮ್ಮ ಕಡೆ ಕತ್ತಿ ತಾಗಲಿ, ಜಿಗಣೆ ಕಚ್ಚಲಿ, ಕೈ ಮೊದಲು ಹೋಗುವುದು ಅಲ್ಲಿಗೇ. ರಕ್ತ ನಿಂತಿತು. ಮೇಲೆ ಹೊಸ ಪಟ್ಟಿ ಅಂಟಿಸಿದೆ. ಮಕ್ಕಳಿಗೆ ಬ್ಯಾಕ್ಟೀರಿಯಾದ ಚಿತ್ರ ಬರೆದು ತೋರಿಸುವ ಇದೇ ಕೈ.

ಎರಡು ದಿನಕ್ಕೆ ನಡುಕ, ಜ್ವರ. ಘಟ್ಟ ಇಳಿಯುವಷ್ಟರಲ್ಲಿ ಅವಳಿಗೆ ಎಚ್ಚರವಿರಲಿಲ್ಲ. ಸೋಂಕು ರಕ್ತಕ್ಕೆ ಸೇರಿತ್ತು. ಪಟ್ಟಿ ಬಿಚ್ಚಿದ ಹೆಡ್ ನರ್ಸ್ ಕಂದು ಪುಡಿ ನೋಡಿ 'ಇದೇನು?' ಎಂದರು. ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು. ಪುಡಿ ಒರೆಸಿ ಡಾಕ್ಟರನ್ನು ಕರೆಸಿದರು. ಆ ಕೊಳವೆ ತೆಗೆಸಿದರು.

ರೇಖಾ ಬದುಕಿದಳು. ಆದರೆ ಕೀಮೋ ಪ್ರಭಾವಕ್ಕೆ ಬಾಯಿಂದ ಗಂಟಲವರೆಗೆ ಹುಣ್ಣು. ನೀರೂ ಇಳಿಯದು. ಸೋಂಕು ಇಳಿದ ಮೇಲೆ ಹೊಸ ಕೊಳವೆ ಹಾಕಿ, ಅದರಲ್ಲೇ ಆಹಾರ ಕೊಡಲು ಶುರು ಮಾಡಿದರು. ಸಂಜೆಯಾದರೆ ಹಾಲಿನಂಥ ಬಿಳಿ ಚೀಲವೊಂದು ಕಂಬಕ್ಕೆ ಏರುತ್ತಿತ್ತು.

ಅದುವರೆಗೆ ಅವ್ವ ನೆಟ್ಟಗೆ ಉಂಡಿರಲಿಲ್ಲ. 'ಮಗ್ಳು ಉಪಾಸ ಇದ್ರೆ ನನ್ ಗಂಟ್ಲಲ್ಲಿ ಹೆಂಗ್ ಇಳೀತದೆ?'

'ಇದೇ ಅವಳ ಊಟ ಅಮ್ಮಾ. ಸಕ್ಕರೆ, ಕೊಬ್ಬು, ಪ್ರೋಟೀನು ಎಲ್ಲ ಇದೆ' ಎಂದರು ನರ್ಸ್.

'ಉಪ್ಪು?'

'ಉಪ್ಪೂ ಇದೆ.'

ಅವ್ವ ಬಿಳಿ ಹನಿ ಬೀಳುವುದನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅನ್ನದ ಡಬ್ಬಿ ಬಿಚ್ಚಿ ಮಂಚದ ಪಕ್ಕ ಕೂತು ಉಂಡಳು. ಅಂದಿನಿಂದ ಚೀಲ ಏರಿದ ಮೇಲೇ ಅವಳ ಊಟ.

ಹುಣ್ಣು ಮಾಗಿ ರೇಖಾ ಗಂಜಿ ಕುಡಿಯತೊಡಗಿದಾಗ ಮನೆಯ ಮಾತು ಬಂತು. 'ಸರಿಯಾಗಿ ನೋಡ್ಕೊಳ್ಳೋರು ಇದ್ರೆ ಮಾತ್ರ ಈ ಟ್ಯೂಬ್ ಜೊತೆ ಮನೆಗೆ ಕಳಿಸ್ತೀವಿ. ಇಲ್ಲಾಂದ್ರೆ ಕೀಮೋ ಮುಗಿಯೋವರೆಗೂ ಇಲ್ಲೇ ಹತ್ತಿರ ರೂಮ್ ಮಾಡಿ' ಎಂದರು ಹೆಡ್ ನರ್ಸ್.

ರೇಖಾ ಗೋಡೆ ಕಡೆ ತಿರುಗಿದಳು. 'ಮನೆಗ್ ಕಳ್ಸದಿದ್ರೆ ನಂಗೆ ಕೀಮೋನೇ ಬೇಡ.'

'ನಾ ಕಲೀತೀನಿ' ಎಂದಳು ಅವ್ವ.

'ಅವ್ವನ ಕೈಲಿ ಇದು ಆಗದ ಕೆಲಸ' ಎಂದು ನಾನು ಹೇಳಿದ್ದು ಆಗ. ನಾನೇ ಕೆಡಿಸಿದ ಮೇಲೆ ಹೆಬ್ಬೆಟ್ಟಿನ ಅವ್ವನಿಂದ ಏನಾದೀತು ಎಂಬ ಲೆಕ್ಕ. (ಓದಿದವರ ಸೊಕ್ಕು ತಪ್ಪು ಮಾಡಿದ ಮೇಲೂ ಇಳಿಯುವುದಿಲ್ಲವೇ?)

ಅವ್ವ ನನ್ನತ್ತ ತಿರುಗಿಯೂ ನೋಡಲಿಲ್ಲ. 'ಎಲ್ಲಿ ಮುಟ್ಬಾರ್ದು, ಅದ್ನ ಮೊದ್ಲು ಹೇಳಿ ಮೇಡಂ.'

ಮೂವತ್ತು ವರ್ಷ ಎಸ್ಟೇಟಿನ ನರ್ಸರಿಯಲ್ಲಿ ಕಾಫಿ ಸಸಿ ಕಿತ್ತು ಮಣ್ಣು ತುಂಬಿದ ಚೀಲಕ್ಕೆ ನೆಟ್ಟವಳು ಅವ್ವ. ಸಸಿಯನ್ನು ಮೇಲೆ, ಎಲೆಯ ಹತ್ತಿರ ಹಿಡಿಯಬೇಕು, ಬೇರು ಮಡಚಬಾರದು. ಮಡಚಿದ್ದು ಇವತ್ತು ಕಾಣುವುದಿಲ್ಲ. ಗಿಡ ಬೆಳೆದ ಮೇಲೆ ಸಾಯುತ್ತದೆ.

ಆ ಕೈ ಗ್ಲೌಸ್ ಹಾಕಿತು. ಒಂದು ವಾರ ರಬ್ಬರ್ ತೋಳಿನ ಮೇಲೆ ಅಭ್ಯಾಸ. ಮೊದಲ ದಿನವೇ ಜಾರಿದ ಸೆರಗನ್ನು ಗ್ಲೌಸ್ ಕೈಯಲ್ಲೇ ಎಳೆದುಕೊಂಡಳು. ಯಾರೂ ಹೇಳುವ ಮೊದಲೇ 'ಥೋ, ಹೋಯ್ತು' ಎಂದು ಗ್ಲೌಸ್ ಕಿತ್ತೆಸೆದು, ಕೈ ತೊಳೆದು, ಮೊದಲಿಂದ ಶುರು ಮಾಡಿದಳು. ಮರುದಿನ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಳು.

'ಅಕ್ಕನಿಗಿಂತ ವಾಸಿ ಕಣವ್ವ. ನೀ ಕಾಫಿಪುಡಿ ಕೇಳ್ಲಿಲ್ಲ' ಎಂದು ರೇಖಾ ಮಲಗಿದಲ್ಲೇ ನಕ್ಕಳು. ಎಷ್ಟೋ ದಿನದ ಮೇಲೆ ಕೇಳಿದ ನಗು. ನನಗೆ ಚುಚ್ಚಿದರೂ ಪರವಾಗಿಲ್ಲ ಎನ್ನಿಸಿತು.

ಕೊನೆಗೆ ಹೆಡ್ ನರ್ಸ್ ಎದುರು ರೇಖಾಳ ತೋಳಿನ ಮೇಲೇ ಪರೀಕ್ಷೆ. ಅವ್ವ ಒಂದು ಹಂತವನ್ನೂ ಬಿಡದೆ ಮುಗಿಸಿದಳು.

ಡಿಸ್ಚಾರ್ಜ್ ದಿನ ಹೆಡ್ ನರ್ಸ್ ತರಬೇತಿ ಮುಗಿಸಿದ್ದಕ್ಕೆ ಒಂದು ಸರ್ಟಿಫಿಕೇಟ್ ಕೊಟ್ಟರು. ಅವ್ವ ಎರಡೂ ಕೈ ಸೀರೆಗೆ ಒರೆಸಿಕೊಂಡು ತೆಗೆದುಕೊಂಡಳು. ತನ್ನ ಹೆಸರು ಎಲ್ಲಿದೆ ಎಂದು ಕೇಳಿದಳು. ತೋರಿಸಿದೆ. ಅದರ ಮೇಲೆ ಬೆರಳಾಡಿಸಿದಳು.

'ಫ್ರೇಮ್ ಹಾಕ್ಸಿ ನನ್ ಡಿಗ್ರಿ ಪಕ್ಕ ಹಾಕಣ ಅವ್ವಾ' ಎಂದೆ.

'ಅಲ್ಲಿ ಬ್ಯಾಡ' ಎಂದಳು. 'ಕಾಫಿಪುಡಿ ಡಬ್ಬದ ಮೇಲ್ಗಡೆ ಗೋಡೆಗೆ ಹಾಕು. ನಂಗಂತೂ ಓದಕ್ ಬರಲ್ಲ. ನಿಂಗ್ ಬರ್ತದಲ್ಲ?'