ತಂಗಿ ಹೇಳಿದ ವೈಬ್

ತಂಗಿ ಸಹಾಯ ಕೇಳಿದಾಗ ನಾನು ಅವಳ ಇಂಗ್ಲಿಷನ್ನು ಆಡಿಕೊಂಡೆ. ಆರ್.ಟಿ. ನಗರದ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದ ಅವಳು ಫೋನಿನಲ್ಲಿ, “ಅಣ್ಣಾ, ಈ ಮನೆ ವೈಬ್ ಸರಿಯಿಲ್ಲ, ಇಲ್ಲಿದ್ರೆ ಏನೋ ಒಂಥರಾ ಅನ್ಸತ್ತೆ” ಎನ್ನುತ್ತಿದ್ದಳು. ಈಗಿನವರಿಗೆ ಕಾಫಿಗೂ ವೈಬ್, ಬಸ್ಸಿಗೂ ವೈಬ್. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಆ ಪದ ಕೇಳಿದರೇ ಮೈ ಉರಿಯುತ್ತಿತ್ತು. “ವೈಬೂ ಇಲ್ಲ, ಗೀಬೂ ಇಲ್ಲ. ಸುಮ್ನೆ ಇರು” ಎಂದು ಗದರಿಸಿದ್ದೆ.

ಭಾನುವಾರ ಹೋಗಿ ಬಾಗಿಲು ತಟ್ಟಿದೆ. ಅಡ್ಡ ಇಟ್ಟಿದ್ದ ಗ್ಯಾಸ್ ಸಿಲಿಂಡರನ್ನು ಎಳೆದು ತೆರೆದಳು.

“ಒಳಗಿನ ಚಿಲಕ ಏನಾಯ್ತೇ?”

“ಕೆಲಸಕ್ಕೆ ಹೋಗಿದ್ದಾಗ ಯಾರೋ ಬಿಚ್ಕೊಂಡ್ ಹೋಗಿದಾರೆ. ಇನ್ನೊಂದ್ ಕೀ ಇರೋದು ಓನರ್ ಹತ್ರ ಮಾತ್ರ.”

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಹತ್ತಿ ಬಂದು, ನಮ್ಮ ಬಾಗಿಲ ಹೊರಗೆ ನಿಂತಿತು. ತಂಗಿ ನನ್ನ ತೋಳು ಹಿಡಿದುಕೊಂಡಳು.

“ತಪ್ಪಾಯ್ತು ಕಣಮ್ಮ” ಎಂದೆ, ಹೊರಗಿದ್ದವನಿಗೂ ಕೇಳುವಂತೆ. “ನೀನು ಹೇಳ್ದಾಗ್ಲೇ ನಾನು ಬರ್ಬೇಕಿತ್ತು.”